ಮೂವತ್ತೊಂಬತ್ತು ಒರಟು ಹಿಡಿ

ಅಸ್ಗರನ ಲೇತ್‌ನಿಂದ ಇಳಿದ ಸಾಮಾನು ಇವತ್ತಿನವರೆಗೆ ವಾಪಸ್ ಬಂದಿಲ್ಲ ಎಂಬ ಮಾತು ಚನ್ನಪಟ್ಟಣದಲ್ಲಿತ್ತು. ಆ ಮಾತನ್ನು ಊರೆಲ್ಲ ಹಬ್ಬಿಸಿದವನು ಅಸ್ಗರನೇ, ಅದು ಬೇರೆ ವಿಷಯ. ಆದರೆ ಸುಳ್ಳಂತೂ ಅಲ್ಲ. ಮೂವತ್ತೊಂದು ವರ್ಷದಲ್ಲಿ ಅವನು ಬುಗುರಿ, ಗಿಲಕಿ, ತಲೆಯಾಡಿಸುವ ಗೊಂಬೆ, ಕುಂಕುಮದ ಭರಣಿ ಎಲ್ಲವನ್ನೂ ಕಡೆದಿದ್ದ. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗು ಒತ್ತಿ, ಮೇಲೆ ಒಣಗಿದ ಕೇದಗೆ ಗರಿ ಹಿಡಿದು ಉಜ್ಜಿದನೆಂದರೆ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. "ಹೊಳಪಿಲ್ಲದ ಆಟಿಕೆನೂ ಒಂದೇ, ಮುಖ ತೊಳೀದಿರೋ ಮಗೂನೂ ಒಂದೇ. ಎರಡನ್ನೂ ಬೀದಿಗೆ ಬುಡಬಾರ್ದು" ಎಂದು ಅವನ ಅಪ್ಪ ಹಬೀಬ್ ಸಾಬರು ಹೇಳುತ್ತಿದ್ದರು. ಅಪ್ಪ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು, ಮಾತು ಮಾತ್ರ ಅಂಗಡಿಯಲ್ಲೇ ಕೂತಿತ್ತು.

ಇಂಥ ಅಸ್ಗರನ ಅಂಗಡಿಗೆ ಒಂದು ಬುಧವಾರ ಮೂಟೆಯೊಂದು ವಾಪಸ್ ಬಂತು.

ತಂದವಳು ಗುಡೇಮಾರನಹಳ್ಳಿಯ ಶಾಲಿನಿ, ಮಾಗಡಿ ಕಡೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಭಾನುವಾರ ಬಂತೆಂದರೆ ಹಗ್ಗ ಹೆಗಲಿಗೇರಿಸಿಕೊಂಡು ಬಂಡೆ ಹತ್ತುವುದು ಅವಳ ಹುಚ್ಚು. ತನಗೆ ಹಿಡಿದದ್ದು ಸಾಲದೆಂದು ಅದನ್ನು ಶಾಲೆಯ ಮಕ್ಕಳಿಗೂ ಅಂಟಿಸಲು ಹೊರಟಿದ್ದಳು. ಶಾಲೆಯ ಹಿಂಗೋಡೆಗೆ ಕೈಯಿಡಲು, ಕಾಲಿಡಲು ಮರದ ಉಬ್ಬುಗಳನ್ನು ಬೋಲ್ಟ್ ಹಾಕಿ ಕೂರಿಸಬೇಕು. ಅವುಗಳಿಗೆ ಅವಳು ಹಿಡಿ ಎನ್ನುತ್ತಿದ್ದಳು. ನಲವತ್ತು ಹಿಡಿ ಬೇಕೆಂದಿದ್ದಳು. ಅಸ್ಗರ್ ಅರ್ಧ ಕುಂಬಳಕಾಯಿಯಂಥವು, ಬದನೆಕಾಯಿಯಂಥವು, ಗಡಿಗೆಯ ಹೊಟ್ಟೆಯಂಥವು ಎಂದು ತರಾವರಿ ಕಡೆದು, ಕೆಂಪು ಹಳದಿ ಹಸಿರು ಬಣ್ಣ ಕೊಟ್ಟು, ಮನಸ್ಸಿಟ್ಟು ಹೊಳಪೇರಿಸಿದ್ದ.

"ತಪ್ಪು ತಿಳ್ಕೋಬ್ಯಾಡಿ ಅಸ್ಗರಣ್ಣ. ಕಣ್ಣಿಗೊತ್ಕೊಳ್ಳೋ ಹಂಗವೆ. ಆದ್ರೆ ಕೈ ನಿಲ್ಲಲ್ಲ, ಜಾರ್ತವೆ. ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡ್ಕೊಡಿ" ಎಂದಳು ಶಾಲಿನಿ.

ಅಸ್ಗರನ ಕಿವಿ ಕೆಂಪಾಯಿತು. ಉಪ್ಪುಕಾಗದ ಕೆಲಸದ ಮೊದಲಿಗೆ ಬರುವಂಥದ್ದು. ಕೊನೆಗೆ ಅದರಿಂದ ಉಜ್ಜು ಎನ್ನುವುದು ಅಲಂಕಾರ ಮಾಡಿದ ಮದುಮಗಳ ಮುಖಕ್ಕೆ ಮಸಿ ಬಳಿ ಎಂದಂತೆ.

"ಬಂಡೆನೂ ನುಣ್ಣಗೇ ಐತಲ್ಲ ಮೇಡಂ? ರಾಮನಗರದ ಬಸ್ಸಲ್ಲಿ ಕೂತು ಎಷ್ಟು ಸಲ ನೋಡಿಲ್ಲ ನಾನು! ಅದ್ನ ಹತ್ತೋರಿಗೆ ನನ್ ಹಿಡಿ ಜಾರ್ತವಾ?"

ಶಾಲಿನಿ ನಕ್ಕಳು. "ದೂರದ ಬೆಟ್ಟ ನುಣ್ಣಗೆ ಅಂತ ದೊಡ್ಡೋರು ಸುಮ್ಕೆ ಯೋಳವ್ರಾ? ಭಾನುವಾರ ನಮ್ ಜೊತೆ ಬನ್ನಿ, ಮುಟ್ಟಿ ನೋಡಿ. ಆಮೇಲೂ ನಿಮ್ಮ ಮಾತೇ ಸರಿ ಅಂದ್ರೆ ಇವನ್ನ ಹಿಂಗೇ ತಕೊಂಡೋಯ್ತೀನಿ."

ಅಸ್ಗರ್ ಒಪ್ಪಿಕೊಂಡುಬಿಟ್ಟ. ಹೊಳಪಿಲ್ಲದ ಸಾಮಾನನ್ನು ತನ್ನ ಹೆಸರಿನಲ್ಲಿ ಬೀದಿಗೆ ಬಿಡುವುದಕ್ಕಿಂತ ಬಂಡೆಯಿಂದ ಬೀಳುವುದೇ ಮೇಲು ಎನಿಸಿತ್ತು ಅವನಿಗೆ. ಹೆಂಡತಿ ತಾಹೇರಾ ಬುತ್ತಿಗೆ ಚಪಾತಿ, ಮೊಟ್ಟೆಪಲ್ಯ ಕಟ್ಟಿಕೊಡುತ್ತಲೇ ಗೊಣಗಿದಳು: "ಅಟ್ಟ ಹತ್ತಿ ಚಾಪೆ ಇಳಿಸಿ ಅಂದ್ರೆ ಮಂಡಿನೋವು. ಐವತ್ತೆರಡು ವರ್ಸಕ್ಕೆ ಬಂಡೆ ಹತ್ತಕ್ಕೆ ಮಾತ್ರ ನೋವಿಲ್ಲ!"

ತಿಪ್ಪಸಂದ್ರದಿಂದಾಚೆ ಬೈಕ್ ನಿಲ್ಲಿಸಿ, ಲಾಂಟಾನ ಪೊದೆಗಳ ನಡುವೆ ಮೇಕೆಗಳು ಮಾಡಿದ ಕಾಲುದಾರಿಯಲ್ಲಿ ಅರ್ಧ ಗಂಟೆ ನಡೆದರೆ, ಬಿದಿರುಮೆಳೆಯ ಹಿಂದೆ ಆ ಬಂಡೆ. ಬೆಟ್ಟವೆನ್ನಲು ನಾಚಿಕೆಯಾಗುವಷ್ಟು ಗಿಡ್ಡ, ಹೆಚ್ಚೆಂದರೆ ನಲವತ್ತೈದು ಅಡಿ. ಜೊತೆಗಿದ್ದ ನರೇಂದ್ರ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುವವನು. ಬಂದವನೇ ತುಟಿಗೆ ಬೆರಳಿಟ್ಟು, ಮೇಲೆಲ್ಲ ಕಣ್ಣಾಡಿಸಿ, ಹೆಜ್ಜೇನು ಕಟ್ಟಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮಾತಾಡಿದ.

ಶಾಲಿನಿ ಬೆರಳಿಗೆ ಸುಣ್ಣದಂಥ ಬಿಳಿಪುಡಿ ಮೆತ್ತಿಕೊಂಡು ಹೊರಟಳು. ಬಂಡೆಗೆ ಬಡಿದಿದ್ದ ಕಬ್ಬಿಣದ ಕೊಂಡಿಗಳಿಗೆ ಒಂದೊಂದಾಗಿ ಹಗ್ಗ ಸಿಕ್ಕಿಸುತ್ತ, ಬಂಡೆಯ ತುದಿಯಲ್ಲಿದ್ದ ಕಬ್ಬಿಣದ ಬಳೆಯೊಳಗೆ ಅದನ್ನು ತೂರಿಸಿ, ಇಳಿದೂ ಬಂದಳು. ಅಸ್ಗರ್ ಮೂಗು ಸೀಟಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಹಗ್ಗದ ಒಂದು ತುದಿ ಅಸ್ಗರನ ಸೊಂಟಕ್ಕೆ, ಇನ್ನೊಂದು ನರೇಂದ್ರನ ಕೈಗೆ.

"ಜಾರುದ್ರೆ ಒಂದಡಿ ಇಳೀತೀರ, ಅಷ್ಟೇಯ. ನಾನಿಲ್ಲಿ ಹಿಡ್ಕೊಂಡಿರ್ತೀನಿ" ಎಂದ ನರೇಂದ್ರ.

ಅಸ್ಗರ್ ಬಂಡೆಯ ಮೇಲೆ ಅಂಗೈಯಿಟ್ಟ. ಸಕ್ಕರೆ ಚೆಲ್ಲಿದ ಹಾಗೆ ಹರಳುಹರಳು. ಒರಟೆಂದರೆ ಒರಟು. ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ. ಕೆಲಸಗಾರನ ಬೆರಳಲ್ಲವೇ, ಸಂದುಗೊಂದು ತಾವೇ ಹುಡುಕಿಕೊಂಡವು. ಹದಿನೈದು ಅಡಿ ಸಲೀಸಾಗಿ ಏರಿದ. "ಅಟ್ಟ ಹತ್ತಿದಂಗೇ ಐತೆ" ಎಂದು ಕೆಳಗಿನವರಿಗೆ ಕೇಳಿಸುವ ಹಾಗೆ ಹೇಳಿದ.

ಅಲ್ಲಿ ಬಲಗಾಲಿಗೆ ಎರಡು ಜಾಗ ಕಂಡವು. ಒಂದು, ಹುಣಸೆಬೀಜದಷ್ಟೇ ದಪ್ಪದ, ಮಾಸಲು ಬಣ್ಣದ, ಯಾರಿಗೂ ಬೇಡದ, ಬಂಡೆಯಿಂದ ತುಸುವೇ ಚಾಚಿದ ಮೊಟಕು. ಇನ್ನೊಂದು, ಅಂಗೈಯಗಲದ ದುಂಡನೆ ಉಬ್ಬು. ಅದೇನು ಹೊಳಪು! ಎಳೆಬಿಸಿಲಲ್ಲಿ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಮೂವತ್ತೊಂದು ವರ್ಷ ಒಳ್ಳೆಯದನ್ನು ಹೊಳಪಿನಿಂದಲೇ ಗುರುತಿಸಿದ ಕಣ್ಣು ಎರಡನೇ ಯೋಚನೆ ಮಾಡಲಿಲ್ಲ. ಕಾಲನ್ನು ಅದರ ಮೇಲಿಟ್ಟು ಇಡೀ ಮೈಭಾರ ಬಿಟ್ಟ.

"ಯಾ ಅಲ್ಲಾ!" ಎಂಬ ಕೂಗಿಗೆ ಬಿದಿರಲ್ಲಿದ್ದ ಹಕ್ಕಿಗಳೆಲ್ಲ ಎದ್ದವು. ಅಸ್ಗರ್ ತಕ್ಕಡಿಯ ತಟ್ಟೆಯಂತೆ ಅತ್ತಿಂದಿತ್ತ ತೂಗುತ್ತಿದ್ದ, ಮಂಡಿ ತರಚಿತ್ತು.

"ಅದು ಹತ್ತೋರೆಲ್ಲ ತುಳಿದು ತುಳಿದು ಸವೆದೋಗಿರೋ ಜಾಗ. ಈಗ ಯಾರೂ ಅದರ ತಂಟೆಗೆ ಹೋಗಲ್ಲ. ನಿಮಗ್ಯಾಕೆ ಅದೇ ಬೇಕಾಗಿತ್ತು?" ಎಂದು ಕೂಗಿದ ನರೇಂದ್ರ.

"ಚೆಂದಾಗಿತ್ತು ಕಣಪ್ಪ!"

ಕೆಳಗಿದ್ದ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನರೇಂದ್ರ ಹಗ್ಗ ಬಿಟ್ಟಾನೆಂದು ಹೆದರಿ ಅಸ್ಗರ್ ಮೊದಲು ಬೈದ, ಆಮೇಲೆ ತಾನೂ ನಕ್ಕ. ನಗು ನಿಂತ ಮೇಲೆ ಅವನಿಗೆ ಅಂಗಡಿಯಲ್ಲಿದ್ದ ಮೂಟೆ ನೆನಪಾಯಿತು. ತನಗೆ ಹಗ್ಗವಿತ್ತು, ನರೇಂದ್ರನಿದ್ದ. ಆದರೆ ಕಾಲು ಕೈಕೊಟ್ಟ ಆ ಒಂದು ಗಳಿಗೆ ಜೀವ ಬಾಯಿಗೆ ಬಂದದ್ದು ನಿಜ. ತಾನು ಅಷ್ಟು ಪ್ರೀತಿಯಿಂದ ಉಜ್ಜಿದ ಬದನೆಕಾಯಿಯನ್ನು ನಂಬಿ ಯಾವುದೋ ಮಗು ಹೀಗೆಯೇ ಕೈಯಿಟ್ಟರೆ? ಅವನಿಗೆ ನಾಚಿಕೆಯಾಯಿತು.

ಆ ಹುಣಸೆಬೀಜದ ಮೊಟಕಿನ ಮೇಲೆ ಕಾಲಿನ ಹೆಬ್ಬೆರಳಿಟ್ಟ. ಅದು ಅವನನ್ನು ಹೊತ್ತುಕೊಂಡಿತು. ಅಲ್ಲಿಂದ ಮೇಲೆ ಕಣ್ಣಿಗೆ ಕುರೂಪವಾಗಿ ಕಂಡದ್ದನ್ನೇ ಹುಡುಕಿ ಹುಡುಕಿ ಹಿಡಿದು ತುದಿ ಮುಟ್ಟಿದ. ಹಗ್ಗ ಉಜ್ಜಿ ಉಜ್ಜಿ ಅಲ್ಲಿನ ಕಬ್ಬಿಣದ ಬಳೆ ಥಳಥಳ ಹೊಳೆಯುತ್ತಿತ್ತು. ಅದನ್ನೊಮ್ಮೆ ಬೆರಳಿಂದ ಸವರಿ, ದೂರದ ರಾಗಿ ಹೊಲಗಳನ್ನೂ ತೆಂಗಿನ ತೋಟಗಳನ್ನೂ ಕಣ್ತುಂಬ ನೋಡಿ ಇಳಿದ.

"ಮೂಟೆ ನನ್ನತ್ರಾನೇ ಇರ್ಲಿ" ಎಂದನಷ್ಟೆ. ಶಾಲಿನಿ ಚಪಾತಿಯ ಡಬ್ಬಿ ಬಿಚ್ಚಿದಳು.

ತಿಳಿದದ್ದು ತಲೆಗೆ, ಕೈಗಲ್ಲ. ಬಣ್ಣ ಕೆರೆದು ಮತ್ತೆ ಲೇತ್‌ಗೆ ಕಟ್ಟಿದರೆ ಕೈ ತಾನಾಗಿಯೇ ಕೇದಗೆ ಗರಿಯತ್ತ ಹೋಗುತ್ತಿತ್ತು. ಮೊದಲ ದಿನವೇ ಮೂರು ಹಿಡಿ ಅವನಿಗರಿವಿಲ್ಲದೆ ಮಿಂಚಿಬಿಟ್ಟವು. ಕೊನೆಗೆ, "ಈ ಗರಿ ಎಲ್ಲಾನೂ ಬೀರುಗೆ ಹಾಕಿ ಬೀಗ ಜಡಿ. ನಾನು ಕಾಲಿಗೆ ಬಿದ್ರೂ ಕೊಡಬ್ಯಾಡ" ಎಂದು ತಾಹೇರಾಳಿಗೆ ಒಪ್ಪಿಸಿದ. ಅವಳು ಸಂತೋಷವಾಗಿ ಜಡಿದಳು. ಒರಟು ಮಾಡಿದ ಪ್ರತಿಯೊಂದನ್ನೂ ಬಾಗಿಲ ಚೌಕಟ್ಟಿಗೆ ಬಿಗಿದು, ತಾನೇ ಜೋತುಬಿದ್ದು ಪರೀಕ್ಷೆ ಮಾಡಿದ. ಪಕ್ಕದ ಲೇತ್‌ನ ವಾಸಿಂ ಇಣುಕಿ, "ಏನ್ಲಾ ಅಸ್ಗರ್, ಬಾವಲಿ ಆಗ್ಬುಟ್ಯಾ?" ಎಂದ.

ಮೂವತ್ತೊಂಬತ್ತು ಮುಗಿದವು. ಮೂಟೆ ಕಟ್ಟಿದವನಿಗೆ ಅದನ್ನು ಎತ್ತಲು ಮನಸ್ಸು ಬರಲಿಲ್ಲ. ಮುಖ ತೊಳೆಯದ ಮೂವತ್ತೊಂಬತ್ತು ಮಕ್ಕಳು ಒಳಗೆ ಕೂತಂತಿತ್ತು, ಅಪ್ಪ ಎಲ್ಲಿಂದಲೋ ನೋಡುತ್ತಿರುವಂತಿತ್ತು. ಇನ್ನೂ ಉಳಿದಿದ್ದ ನಲವತ್ತನೆಯ ಹಿಡಿಯನ್ನು ಕೈಗೆತ್ತಿಕೊಂಡು, "ತಾಹೇರಾ, ಒಂದೇ ಒಂದು ಗರಿ ಕೊಡು" ಎಂದ. ಅವನ ಮುಖ ನೋಡಿ ಅವಳು ಬೀಗ ತೆಗೆದಳು.

ಗೋಡೆಗೆ ಹಿಡಿ ಕೂರಿಸುವ ದಿನ ಶಾಲಿನಿ ಒಂದೊಂದನ್ನೂ ಅಮುಕಿ ನೋಡಿ ತಲೆದೂಗಿದಳು. ಕೊನೆಯ ಕೆಂಪು ಹಿಡಿ ಮಾತ್ರ ಬೆರಳಿಂದ ನುಣುಚಿಕೊಂಡಿತು. "ಇದೊಂದು ಜಾರ್ತದಲ್ಲಣ್ಣ?"

"ಅದು ಹಿಡಿಯಕ್ಕಲ್ಲ ಮೇಡಂ, ಮುಟ್ಟಕ್ಕೆ. ಎಲ್ಲಾದಕ್ಕಿಂತ ಮೇಲೆ ಬಡೀರಿ. ಅಲ್ಲಿಗಂಟ ಹೋದೋರು ಒಂದ್ಸಲ ಮುಟ್ಟಿ ಇಳೀಲಿ."

ಮೊದಲು ಹತ್ತಿದವಳು ಏಳನೇ ಕ್ಲಾಸಿನ ಅಮೂಲ್ಯ. ಕೆಳಗೆ ಹಗ್ಗ ಹಿಡಿದು ನರೇಂದ್ರ ನಿಂತಿದ್ದ, ಉಸಿರು ಹಿಡಿದು ಅಸ್ಗರ್ ನಿಂತಿದ್ದ. ಹುಡುಗಿ ಒರಟು ಕುಂಬಳಕಾಯಿ ಹಿಡಿದಳು, ಒರಟು ಬದನೆಕಾಯಿ ತುಳಿದಳು, ಒಂದೂ ಕೈಕೊಡಲಿಲ್ಲ. ತುದಿಗೆ ಹೋಗಿ ಕೆಂಪು ಹಿಡಿಯನ್ನು ಮುಟ್ಟಿ, ಅದಕ್ಕೆ ಮೂಗು ತಾಗಿಸಿ ನೋಡಿದಳು.

"ಮಿಸ್, ಇದ್ರಲ್ಲಿ ನನ್ ಮುಖ ಕಾಣ್ತೈತೆ! ಅಯ್ಯೋ, ಎಷ್ಟು ಕೊಳೆ!"

ಬೆವರು, ಬಿಳಿಪುಡಿ, ಗೋಡೆಯ ಧೂಳು ಎಲ್ಲ ಮೆತ್ತಿದ ಆ ಮುಖ ಕೆಳಗೆ ತಿರುಗಿ ಕಿವಿಯವರೆಗೂ ನಕ್ಕಿತು. ಅಸ್ಗರನ ಕಣ್ಣು ತುಂಬಿ ಬಂತು.

"ಇರ್ಲಿ ಬುಡವ್ವ, ಈಗ್ಲೇ ತೊಳ್ಕೋಬ್ಯಾಡ" ಎಂದು ಕೂಗಿದ.