ರುಚಿ ನೋಡಿದ್ದು ತಿಂದ ಹಾಗಲ್ಲ

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಾದಕ್ಕ ಅಂತಲೇ ಕರೆಯುವುದು. ಅಂಗಿಯ ಗುಂಡಿ ತೂರುವ ಕಂಡಿಯ, ಅಂದರೆ ಕಾಜಾದ, ಸುತ್ತ ದಾರ ಹೊಲಿಯುವುದು ಅವಳ ಕೆಲಸ. ಈಚೆಗೆ ಬೆರಳ ತುದಿ ಮರಗಟ್ಟಿ ಸೂಜಿ ಜಾರತೊಡಗಿತ್ತು. ಮಧ್ಯಾಹ್ನವಾದರೆ ಮೈ ನೆನೆದ ಕಂಬಳಿಯಷ್ಟು ಭಾರ.

"ಇದು ಕಾಜಾನಾ ಅಕ್ಕಾ, ಇಲಿ ಕಚ್ಚಿದ್ದಾ?" ಅಂತ ಟೈಲರ್ ಅಂಗಿ ಎತ್ತಿ ತೋರಿಸಿದ ದಿನ ಅವಳು ಡಾಕ್ಟರ ಬಳಿ ಹೋದಳು.

ಬೋಳುತಲೆಯ ಡಾಕ್ಟರು ವರದಿ ನೋಡಿ, "ಇದು ಮೂರು ತಿಂಗಳ ಸರಾಸರಿ ಹೇಳೋ ಟೆಸ್ಟಮ್ಮ. ಸಕ್ಕರೆ ಕಾಯಿಲೆ ಬಂದಿದೆ. ಮಾತ್ರೆ ಶುರುಮಾಡಿ" ಅಂದರು. ಇನ್ನೊಬ್ಬರನ್ನೂ ಕೇಳೋಣವೆಂದು ಹೋದರೆ ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಮೈಯಲ್ಲಿ ರಕ್ತಾನೇ ಇಲ್ಲವಲ್ರೀ! ರಕ್ತ ಕಮ್ಮಿ ಇದ್ರೆ ಆ ಟೆಸ್ಟನ್ನ ಪೂರ್ತಿ ನಂಬೋಕಾಗಲ್ಲ. ಮಾತ್ರೆ ಈಗಲೇ ಬೇಡ. ಬೆಳಿಗ್ಗೆ ಖಾಲಿ ಹೊಟ್ಟೇಲಿ ರಕ್ತ ಕೊಡಿ."

ಕೊಟ್ಟಳು. ಸಕ್ಕರೆ ಗೆರೆ ದಾಟಿತ್ತು, ಒಂಚೂರೇ ಚೂರು.

"ನಾನು ಹೇಳಲಿಲ್ವಾ?" ಅಂದರು ಬೋಳುತಲೆಯವರು.

"ಇನ್ನೊಂದ್ಸಲ ನೋಡದೆ ಏನೂ ಹೇಳಲಾರೆ" ಅಂದರು ಡಾಕ್ಟರಮ್ಮ.

"ಇಬ್ಬರು ಡಾಕ್ಟ್ರು, ಮೂರು ಮಾತು. ಬಿಟ್ಹಾಕು, ನಿಂಗೇನೂ ಆಗಿಲ್ಲ" ಅಂದ ಗಂಡ. ಅತ್ತೆಯದು ಇನ್ನೊಂದು: "ನಮ್ಮ ಕಾಲದಲ್ಲಿ ಸುಸ್ತು ಅನ್ನೋಕೂ ಪುರುಸೊತ್ತಿರಲಿಲ್ಲಮ್ಮ."

ಕಾಯಿಲೆ ಇರಲಿ ಅಂತ ಅವಳಿಗೆ ಒಳಗೊಳಗೇ ಆಸೆ. ಇದ್ದರೆ ಈ ದಣಿವಿಗೊಂದು ಹೆಸರಾದರೂ ಸಿಗುತ್ತದೆ. ರಕ್ತ ಕಮ್ಮಿ ಅನ್ನುವುದನ್ನು ಮನೆಯಲ್ಲಿ ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲವೆಂದರೆ ಇದು ಬರೀ ಸೋಮಾರಿತನ ಅಂತ ಮನೆಯಲ್ಲಿ ತೀರ್ಮಾನವಾಗಿಹೋಗುತ್ತದೆ. ಆದರೆ ಇದ್ದರೆ, ಅವಳ ಪಥ್ಯದ ಅಡುಗೆಯನ್ನು ಬೇರೆಯಾಗಿ ಮಾಡುವವರು ಯಾರು? ಅವಳೇ.

ಮತ್ತೆ ಹೋದಾಗ ಡಾಕ್ಟರಮ್ಮ ಕೇಳಿದರು: "ರಕ್ತ ಕೊಟ್ಟ ದಿನ ಎದ್ದ ಮೇಲೆ ಏನೇನು ಮಾಡಿದ್ರಿ, ಹೇಳಿ ನೋಡೋಣ."

ಹಾಲು ಒಡೆದಿದೆಯಾ ಅಂತ ಒಂದು ಚಮಚ ಬಾಯಿಗೆ ಬಿಟ್ಟುಕೊಂಡಿದ್ದಳು. ಅತ್ತೆಗೆ ಟೀ ಸಿಹಿ ಹೆಚ್ಚುಕಮ್ಮಿಯಾದರೆ ಆಗುವುದಿಲ್ಲ, ಅದನ್ನು ನೋಡಿದ್ದಳು. ಮಗಳು ತಟ್ಟೆಯಲ್ಲಿ ಬಿಟ್ಟ ಜಾಮ್ ಬ್ರೆಡ್ಡಿನ ಅಂಚನ್ನು ಬಿಸಾಡಲು ಮನಸ್ಸಾಗಿರಲಿಲ್ಲ.

"ಏನೂ ತಿಂದಿಲ್ಲ ಅಂದ್ರಲ್ಲಾ?"

"ತಿಂದಿಲ್ಲ ಡಾಕ್ಟ್ರೇ. ರುಚಿ ನೋಡಿದ್ದು ಅಷ್ಟೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಒಂದೇ ಒಂದು ಬೆಳಿಗ್ಗೆ ಅಡುಗೆಮನೆಗೆ ಹೋಗಬೇಡಿ. ಹಾಗೇ ಹೋಗಿ ಮತ್ತೆ ರಕ್ತ ಕೊಡಿ, ಆಮೇಲೆ ನೋಡೋಣ."

ಗಂಡ ಒಪ್ಪಿದ. "ಟೀ ತಾನೇ? ಅದೇನು ಮಹಾ!" ಬೆಳಿಗ್ಗೆ ಅವಳು ಹಾಸಿಗೆಯ ಮೇಲೆಯೇ ಕೂತು ಕೇಳಿಸಿಕೊಂಡಳು. ಡಬ್ಬಿಗಳ ಸದ್ದು. "ಟೀಪುಡಿ ಎಲ್ಲಿಟ್ಟಿದೀಯೇ?" ಹೇಳಿದಳು. "ಇಕ್ಕಳ?" ಹೇಳಿದಳು. "ಅಯ್ಯೋ, ಹಾಲು ಉಕ್ತು!" ಸೀದ ವಾಸನೆ ಕೋಣೆಯವರೆಗೂ ಬಂತು. ಅತ್ತೆ ಬಾಗಿಲಲ್ಲಿ ನಿಂತು, "ಗಂಡಸಿನ ಕೈಗೆ ಸೌಟು ಕೊಟ್ಟು ಕೂತಿದಾಳೆ ಮಹಾರಾಣಿ" ಅಂದರು. ಮಗಳಿಗೆ ಶಾಲೆಗೆ ಹೊತ್ತಾಗುತ್ತಿತ್ತು.

"ನೀನೇ ಮಾಡ್ಬಿಡು ಮಾರಾಯ್ತಿ. ಬಾಯಿಗೆ ಮಾತ್ರ ಹಾಕ್ಕೋಬೇಡ" ಅಂತ ಗಂಡ ಕೈ ಒರೆಸಿಕೊಂಡ.

ತುಟಿ ಬಿಗಿಹಿಡಿದು ಮಾಡಿದಳು. ಒಲೆ ಒರೆಸಿ, ಹೊಸ ಹಾಲು ಕಾಯಿಸಿ, ಟೀ ಸೋಸಿ, ಬ್ರೆಡ್ಡಿಗೆ ಜಾಮ್ ಹಚ್ಚಿ, ಮಗಳ ಜಡೆ ಹೆಣೆದು, ತಟ್ಟೆ ತೊಳೆದು ಲ್ಯಾಬಿಗೆ ಓಡಿದಳು. ದಾರಿಯಲ್ಲಿ ನಾಲಿಗೆ ದವಡೆಯ ಸಂದಿಗೆ ಹೋಯಿತು. ಅಲ್ಲೊಂದು ತುಣುಕು ಬ್ರೆಡ್ಡು. ಸಿಹಿ. ಯಾವಾಗ ಬಾಯಿಗೆ ಹೋಯಿತೋ, ಕೈಗೇ ಗೊತ್ತಿರಬೇಕು.

ಲ್ಯಾಬಿನ ಹುಡುಗಿ ತೋಳಿಗೆ ಪಟ್ಟಿ ಕಟ್ಟುತ್ತ ಕೇಳಿದಳು: "ಏನೂ ತಿಂದಿಲ್ಲ ತಾನೇ?"

ಇಲ್ಲ ಅನ್ನಲು ಬಾಯಿ ತೆರೆದಳು. "ತಿಂದಿದೀನಿ" ಅಂದಳು.

"ಅಯ್ಯೋ! ಹಾಗಾದ್ರೆ ನಾಳೆ ಬನ್ನಿ ಆಂಟಿ." ಪಟ್ಟಿ ಬಿಚ್ಚಿದಳು.

ನಾಳೆಯೂ ಅದೇ ಹಾಲು, ಅದೇ ತಟ್ಟೆ. ಗೋಡೆಯ ಪಕ್ಕದ ಉದ್ದನೆಯ ಬೆಂಚನ್ನು ಅವಳು ನೋಡಿದಳು.

"ರಾತ್ರಿ ಇಲ್ಲೇ ಮಲಗಬಹುದಾ? ಬೆಳಿಗ್ಗೆ ಎದ್ದ ತಕ್ಷಣ ತಗೊಂಡ್ಬಿಡಿ."

"ಒಳ್ಳೆ ತಮಾಷೆ ಮಾಡ್ತೀರಪ್ಪ!" ಅಂತ ಹುಡುಗಿ ನಕ್ಕು ಮುಂದಿನವರನ್ನು ಕರೆದಳು.

ಕಾಜಾದಕ್ಕ ತೋಳು ಇಳಿಸಿಕೊಂಡಳು. ಮನೆಗೆ ಹೊರಡದೆ ಹೋಗಿ ಆ ಬೆಂಚಿನ ಮೇಲೇ ಸ್ವಲ್ಪ ಹೊತ್ತು ಕೂತಳು, ಚೀಲದೊಳಗೆ ಮನೆಯವರ ಫೋನು ಹೊಡೆದುಕೊಳ್ಳುತ್ತಲೇ ಇತ್ತು.