ಕುಬಸದ ದಿನ ಕೈಕೊಟ್ಟ ಕಾರು

ಗುಳೇದಗುಡ್ಡ ದಾಟಿ ಆರೇಳು ಕಿಲೋಮೀಟರ್ ಬಂದಿರಬೇಕು. ಕಾರು ಎರಡು ಸಲ ಕೆಮ್ಮಿತು, ಮೂರನೆಯ ಸಲ ಮುಗ್ಗರಿಸಿತು, ರಸ್ತೆ ಪಕ್ಕಕ್ಕೆ ತರುವಷ್ಟರಲ್ಲಿ ಬಂದ್!

ಚಾವಿ ತಿರುಗಿಸಿದೆ. ಸೆಲ್ಫ್ ಚೆನ್ನಾಗಿಯೇ ತಿರುಗುತ್ತಿದೆ, ಹಾರ್ನ್ ಊರಿಗೆಲ್ಲ ಕೇಳುವಂತೆ ಹೊಡೆದುಕೊಳ್ಳುತ್ತಿದೆ... ಇಂಜಿನ್ ಮಾತ್ರ ಚಾಲೂ ಆಗುತ್ತಿಲ್ಲ.

ಮೊನ್ನೆ ಶುಕ್ರವಾರದ ಮಾತು. ಬಾದಾಮಿಯಲ್ಲಿ ತಂಗಿ ಸವಿತಾಳ ಕುಬಸ. ಚೊಚ್ಚಲ ಬಸುರಿ, ತವರಿನಿಂದ ಸೀರೆ-ಖಣ ಹೋಗದೆ ಉಡಿ ತುಂಬುವ ಹಾಗಿಲ್ಲ. ಹತ್ತೂವರೆಗೆ ರಾಹುಕಾಲ ಹತ್ತುತ್ತದೆ, ಅದರೊಳಗೆ ಮುಗಿಯಲೇಬೇಕು ಅಂತ ಅವಳ ಅತ್ತೆ ಮೂರು ಸಲ ಫೋನ್ ಮಾಡಿ ಹೇಳಿದ್ದರು.

ಆ ಸೀರೆ-ಖಣದ ಚೀಲ ಹಿಂದಿನ ಸೀಟಿನಲ್ಲಿ, ಅವ್ವನ ತೊಡೆಯ ಮೇಲಿದೆ. ಅವಳ ಪಕ್ಕದಲ್ಲಿ ಕಾಕಾ, ಅಂದರೆ ಅಪ್ಪನ ತಮ್ಮ. ಗುಳೇದಗುಡ್ಡದಲ್ಲಿ ಮನೆಯಲ್ಲೇ ಮಗ್ಗ ಇಟ್ಟುಕೊಂಡವರು. ಬಾಗಲಕೋಟೆಯಿಂದ ಬರುತ್ತ ಅವರನ್ನು ಅಲ್ಲೇ ಹತ್ತಿಸಿಕೊಂಡಿದ್ದೆವು. ರವಿಕೆಯ ಆ ಖಣವನ್ನು ಸವಿತಾಳಿಗೆಂದೇ ಕೂತು ನೇಯ್ದಿದ್ದರು.

ಟೈಮ್ ಒಂಬತ್ತು ಹತ್ತು.

ಬಾಗಲಕೋಟೆಯ ನಮ್ಮ ಗ್ಯಾರೇಜಿನ ಮಿಸ್ತ್ರಿಗೆ ಫೋನ್ ಹಚ್ಚಿದೆ. ಕಾರು ಹಳೆಯದು, ಅದರ ಜಾತಕವೆಲ್ಲ ಅವನಿಗೆ ಗೊತ್ತು.

"ಕಾಯಿಲ್ ಬಿಸಿ ಆಗಿರಬೇಕ್ರಿ ಸರ. ಅದು ಬಿಸಿ ಆದ್ರ ಸ್ಪಾರ್ಕ್ ಕೊಡಂಗಿಲ್ಲ. ಹಸಿ ಅರಬಿ ಹಾಕಿ ತಣ್ಣಗ ಮಾಡ್ರಿ, ಚಾಲೂ ಆಕ್ಕೈತಿ."

ಕಾಕಾನ ಟವೆಲ್ ನೆನೆಸಿ ಕಾಯಿಲ್‌ಗೆ ಸುತ್ತಿದೆ. ಹದಿನೈದು ನಿಮಿಷ ಕಾಯ್ದು ಚಾವಿ ತಿರುಗಿಸಿದರೆ... ಒಂದೇ ಏಟಿಗೆ ಚಾಲೂ! ನನ್ನ ಎದೆ ಒಂದು ಗೇಣು ಉಬ್ಬಿತು. ಅವ್ವನಿಗೆ ಕಾಯಿಲ್ ಎಂದರೇನು ಅಂತ ಪಾಠವನ್ನೂ ಶುರು ಮಾಡಿದೆ.

ಪಾಠ ಮುಗಿಯಲಿಲ್ಲ. ಮತ್ತೆ ಆರು ಕಿಲೋಮೀಟರ್, ಮತ್ತೆ ಕೆಮ್ಮು, ಮತ್ತೆ ಬಂದ್.

ಬಾನೆಟ್ ಎತ್ತಿ ಕಾಯಿಲ್ ಮುಟ್ಟಿದೆ. ತಣ್ಣಗಿದೆ! ಹಸಿ ಟವೆಲ್ ಇನ್ನೂ ಅದರ ಮೇಲೇ ಇದೆ. ಹಾಗಾದರೆ ಇದು ಕಾಯಿಲ್ ಆಟ ಅಲ್ಲ.

ಪೆಟ್ರೋಲ್ ಸೋಸುವ ಫಿಲ್ಟರ್ ಕಡೆ ಕಣ್ಣು ಹೋಯಿತು. ಹೆಬ್ಬೆರಳಿನಷ್ಟು ದಪ್ಪದ ಪಾರದರ್ಶಕ ಡಬ್ಬಿ ಅದು. ಒಳಗೆ ಒಂದು ಹನಿ ಪೆಟ್ರೋಲ್ ಇಲ್ಲ! ಆದರೆ ಟ್ಯಾಂಕಿನ ಮುಳ್ಳು ಮುಕ್ಕಾಲು ತೋರಿಸುತ್ತಿದೆ, ಮುಂಜಾನೆಯೇ ಹಾಕಿಸಿದ್ದೇನೆ. ಮುಳ್ಳು ಸುಳ್ಳು ಹೇಳುತ್ತಿದೆಯಾ? ಟ್ಯಾಂಕಿನ ಬಾಯಿ ತೆಗೆದೇ ನೋಡಬೇಕು.

ಇಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ, ಹೇಳಿಬಿಡುತ್ತೇನೆ. ಮುಂಜಾನೆ ಬಂಕಿನಲ್ಲಿ ಟ್ಯಾಂಕಿನ ಮುಚ್ಚಳವನ್ನು ಕಾರಿನ ಮೇಲಿಟ್ಟು, ಹಾಗೇ ಮರೆತು ಹೊಡೆದುಕೊಂಡು ಬಂದ ಜಾಣ ನಾನು.

ಗುಳೇದಗುಡ್ಡದಲ್ಲಿ ಟ್ಯಾಂಕಿನ ತೆರೆದ ಬಾಯಿ ಕಂಡ ಕಾಕಾ ತಮ್ಮ ಕೈಚಳಕ ತೋರಿಸಿದ್ದರು. ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಮಡಿಕೆ ಖಣದ ತುಂಡು, ಅದರ ಮೇಲೆ ರೇಷ್ಮೆ ದಾರ ಸುತ್ತಿ ಸುತ್ತಿ ಗಂಟು. "ನೋಡು, ವಾಸನಿ ಸುದ್ದಾ ಹೊರಗ ಬರಂಗಿಲ್ಲ" ಅಂದಿದ್ದರು. ನಲವತ್ತು ವರ್ಷ ಎಳೆ ಜಗ್ಗಿ ಬಿಗಿ ನೋಡಿದ ಕೈ ಅದು, ಸಡಿಲ ಕೆಲಸ ಅದಕ್ಕೆ ಬರುವುದೇ ಇಲ್ಲ.

ಆ ಗಂಟು ಬಿಚ್ಚುವಷ್ಟರಲ್ಲಿ ನನ್ನ ಉಗುರು ಕಿತ್ತು ಬಂದವು. ನೋಡಿದರೆ ಪ್ಲಾಸ್ಟಿಕ್ ಹಾಳೆ ಒಳಗಡೆಗೆ ತಗ್ಗು ಬಿದ್ದಿದೆ. ಅಂಚು ಹಿಡಿದು ಎತ್ತಿದೆ...

ಸುಸ್ಸ್ಸ್ಸ್!

ಗಾಳಿ ಹೊರಗೆ ಬರಲಿಲ್ಲ, ಒಳಗೆ ಹೋಯಿತು!

ನಾನು ರಸ್ತೆಯಲ್ಲೇ ಕುಣಿದುಬಿಟ್ಟೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ ನಾನು. ಎಣ್ಣೆ ಡಬ್ಬಿಗೆ ಒಂದೇ ತೂತು ಹಾಕಿದರೆ ಎಣ್ಣೆ ಯಾಕೆ ಸರಿಯಾಗಿ ಬೀಳುವುದಿಲ್ಲ ಅಂತ ವರ್ಷಾ ವರ್ಷಾ ಪಾಠ ಮಾಡುತ್ತೇನೆ. ಒಳಗಿನದು ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕು. ಮುಚ್ಚಳದಲ್ಲಿ ಅದಕ್ಕೆಂದೇ ಒಂದು ಸಣ್ಣ ದಾರಿ ಇರುತ್ತದೆ, ಕಾಕಾನ ಗಂಟಿನಲ್ಲಿ ಇರಲಿಲ್ಲ.

ಮೊದಲ ಸಲ ಚಾಲೂ ಆದದ್ದು ಹೇಗೆ? ನಾವು ಕಾಯುತ್ತಿದ್ದ ಹದಿನೈದು ನಿಮಿಷದಲ್ಲಿ ಎಲ್ಲಿಂದಲೋ ಚೂರುಚೂರೇ ಗಾಳಿ ನುಸುಳಿದೆ. ಹೆಸರು ಮಾತ್ರ ಹಸಿ ಟವೆಲ್‌ಗೆ ಬಂತು!

ಮತ್ತೆ ಬಿಗಿಯಾಗಿ ಕಟ್ಟಿ, ಗಾಡಿ ಹೊಡೆದು, ಖಾತ್ರಿ ಮಾಡಿಕೊಳ್ಳುವ ಆಸೆ ನನಗೆ. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ನಿನ್ನ ಪ್ರಯೋಗ ಸಾಲ್ಯಾಗ ಮಾಡ. ಮೊದಲ ಗಾಡಿ ಹೊಡಿ!"

ಪ್ಲಾಸ್ಟಿಕ್ ತೆಗೆದು, ಬರೀ ಬಟ್ಟೆ ಸಡಿಲವಾಗಿ ಕಟ್ಟಿದೆ. ನಾಲ್ಕೈದು ಸಲ ಸೆಲ್ಫ್ ಹೊಡೆದೆ, ಇಂಜಿನ್ ಗುಡುಗಿತು. ಮುಂದೆ ಬಾದಾಮಿವರೆಗೆ ಒಂದೇ ಒಂದು ಕೆಮ್ಮಿಲ್ಲ! ನಾನು ಸೀಟಿ ಹಾಕುತ್ತ ಹೊಡೆಯುತ್ತಿದ್ದೆ. ಕಾಕಾ ಮಾತ್ರ ದಾರಿಯುದ್ದಕ್ಕೂ ಆ ಪ್ಲಾಸ್ಟಿಕ್ ಹಾಳೆಯನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದರು.

ಮುಟ್ಟಿದಾಗ ಹತ್ತು ಗಂಟೆ ಐದು ನಿಮಿಷ. ಸವಿತಾ ಹೂವಿನ ಜಡೆ ಹೆಣೆಸಿಕೊಂಡು ಬಾಗಿಲನ್ನೇ ನೋಡುತ್ತ ಕೂತಿದ್ದಳು, ಅವ್ವನನ್ನು ಕಂಡದ್ದೇ ಅತ್ತುಬಿಟ್ಟಳು. ಅವಸರದಲ್ಲಿ ಹಸಿರು ಸೀರೆ ಉಡಿಸಿದರು, ಹತ್ತು ಇಪ್ಪತ್ತೈದಕ್ಕೆ ಕಾಕಾ ನೇಯ್ದ ಖಣ ಅವಳ ಉಡಿಗೆ ಬಿತ್ತು. ನನ್ನ ಕಣ್ಣೂ ತುಂಬಿದವು, ಸುಳ್ಳು ಯಾಕೆ ಹೇಳಲಿ.

ಸುಳ್ಳು ಹೇಳಿದ್ದು ಊಟಕ್ಕೆ ಕೂತಾಗ. "ಗಾಡಿಗೆ ಏನಾಗಿತ್ರಿ?" ಅಂತ ತಂಗಿಯ ಗಂಡ ಕೇಳಿದರು. ಪಂಕ್ತಿಯಲ್ಲಿ ಬೀಗರೆಲ್ಲ ಇದ್ದಾರೆ, ಎದುರಿಗೆ ಕಾಕಾ ತಲೆ ಬಗ್ಗಿಸಿ ಕೂತಿದ್ದಾರೆ. "ಕಾಯಿಲ್ ಬಿಸಿ ಆಗಿತ್ರಿ, ಅಷ್ಟ" ಅಂದುಬಿಟ್ಟೆ.

ಕಾಕಾ ಕೈಯಲ್ಲಿದ್ದ ಹೋಳಿಗೆ ಎಲೆಯಲ್ಲಿಟ್ಟರು.

"ಸುಳ್ಳ ಹೇಳಬ್ಯಾಡಲೇ ಮಾಸ್ತರ. ಮುಚ್ಚಳ ಕಳದಾಂವ ನೀ, ಬಾಯಿ ಬಿಗದಾಂವ ನಾ. ಗಾಡೀದೇನ ತಪ್ಪೈತಿ?"

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ.

ಅವರ ಮಾನ ಉಳಿಸಲು ಆ ಸುಳ್ಳು ಹೇಳಿದೆ ಅಂತ ನಾನು ಅಂದುಕೊಂಡಿದ್ದೆ... ಉಳಿಸಿಕೊಳ್ಳಲು ಹೊರಟಿದ್ದು ನನ್ನದನ್ನೇ ಏನೋ, ನಿಮಗೇನನ್ನಿಸುತ್ತದೆ?