ಚಿಕ್ಕಜಾಲದ ಯುರೋಪು ಚೌಕ

ಚಿಕ್ಕಜಾಲದ ಹತ್ತಿರ, ಕೆರೆಯಂಗಳಕ್ಕೆ ಮಣ್ಣು ತುಂಬಿದ ಜಾಗದಲ್ಲಿ, ಬಿಲ್ಡರೊಬ್ಬರು ಯುರೋಪಿನ ಹಳೆಯ ಊರೊಂದರ ಚೌಕವನ್ನು ಫೋಟೋ ನೋಡಿ ಕಟ್ಟಿಸಿದ್ದಾರೆ. ಭಾನುವಾರ ಜನ ಅಲ್ಲಿ ಸೆಲ್ಫಿಗೆ ಮುಗಿಬೀಳುತ್ತಾರೆ.

ಮೂಲ ಚೌಕದ ಚರಿತ್ರೆಯನ್ನು ನಾನು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೇನೆ, ಊರು ಮಾತ್ರ ನೋಡಿಲ್ಲ. ಒಂದು ಬದಿಗೆ ಉಣ್ಣೆ ವ್ಯಾಪಾರಿಗಳ ಸಭಾಭವನ, ಎದುರಿಗೆ ಗಂಟೆಗೋಪುರದ ಇಗರ್ಜಿ, ಉಳಿದೆಡೆ ವರ್ತಕರ ಎತ್ತರದ, ತೆಳ್ಳನೆಯ ಮನೆಗಳು. ಒಮ್ಮೆ ಬೆಂಕಿಗೆ ಎಲ್ಲ ಸುಟ್ಟುಹೋದ ಮೇಲೆ ಕಲ್ಲಿನಲ್ಲಿ ಕಟ್ಟಿಕೊಂಡರು, ಎರಡು ಮನೆಗೆ ಒಂದೇ ಗೋಡೆ. ಅಲ್ಲಿಯದೂ ಜೌಗು ನೆಲವೇ. ಭುಜಕ್ಕೆ ಭುಜ ಕೊಟ್ಟು ನಿಂತಿದ್ದರಿಂದ ಆ ಮನೆಗಳು ಉಳಿದವು.

ಇಲ್ಲಿ ವಾಸ್ತು ನೋಡುವವರು ಬಂದು, ಗೋಡೆಗೆ ಗೋಡೆ ತಾಗಬಾರದು ಎಂದರು. ಸರಿ, ಪ್ರತಿ ಮನೆಯ ಸುತ್ತ ಸಂದು ಬಿಟ್ಟು ಕಟ್ಟಿದರು. ಆ ತೆಳ್ಳನೆಯ ಮನೆಗಳಿಗೆ ಈಗ ಒರಗಲು ಯಾರೂ ಇಲ್ಲ.

ಅವುಗಳಲ್ಲೇ ತೀರ ತೆಳ್ಳಗಿನದರ ಕೆಳಗೆ ನನ್ನ ಅಕ್ಕ ಖಾನಾವಳಿ ಇಟ್ಟಿದ್ದಾಳೆ. ಗಂಡ ಸತ್ತ ಮೇಲೆ ಧಾರವಾಡದಿಂದ ಬಂದವಳು ಇಷ್ಟು ವರ್ಷ ವಿದ್ಯಾರಣ್ಯಪುರದ ನನ್ನ ಮನೆಯಲ್ಲಿ ತಲೆ ತಗ್ಗಿಸಿ ಉಂಡಳು. ಈಗ ಬಂದವರಿಗೆಲ್ಲ ರೊಟ್ಟಿ ಬಡಿದು ಬಡಿಸುತ್ತಾಳೆ.

ಈ ಮಳೆಗಾಲದಲ್ಲಿ ಅವಳ ಅಂಗಡಿಯ ಶಟರ್ ಸಿಕ್ಕಿಕೊಳ್ಳತೊಡಗಿತು. ಪಕ್ಕದ ಸಂದಿಗೆ ಹೋಗಿ ಕತ್ತೆತ್ತಿ ನೋಡಿದೆ. ಕೆಳಗೆ ಆಳೊಬ್ಬ ತೂರುವಷ್ಟಿದ್ದ ಸಂದು ಮೇಲಕ್ಕೆ ಹೋಗುತ್ತ ಗೇಣಿಗೆ ಇಳಿದಿತ್ತು.

ಬಿಲ್ಡರನ್ನು ಕರೆತಂದು ತೋರಿಸಿದೆ.

“ಶಟರ್ ಅಂದ್ಮೇಲೆ ಅಂಗೇ ಮೇಷ್ಟ್ರೇ, ಮಳೆಗೆ ತುಕ್ಕು ಇಡೀತದೆ.”

“ಮೇಲೆ ನೋಡ್ರಿ. ಮನೀನೇ ವಾಲೈತಿ.”

ಅವರು ನೋಡಿದರು. “ಒಂದು ತೊಲೆ ಕೊಟ್ಟು ಪಕ್ಕದ್ದಕ್ಕೆ ಸೇರಿಸ್ಬೋದಿತ್ತು. ಆದ್ರೆ ವಾಸ್ತು ಕೆಟ್ಟೋಯ್ತದೆ,” ಎಂದು ವೆಲ್ಡಿಂಗಿನವನಿಗೆ ಫೋನು ಮಾಡಿದರು.

ಅವನು ಬಂದು ಶಟರಿನ ಅಂಚು ಕತ್ತರಿಸಿ ಹೋದ.

“ಈಗ ನೋಡಪಾ, ಹೂವಿನಂಗ ಏರ್ತೈತಿ,” ಎಂದಳು ಅಕ್ಕ. “ಒಳಗ ಬಾ, ಉಣ್ಣು.”

“ಅಕ್ಕಾ, ಈ ಜಾಗಾ ಬಿಡು. ಇದು ಬೀಳೂ ಮನಿ.”

“ಗೊತ್ತೈತಿ. ನಾನೂ ಸಂದ್ಯಾಗ ನಿಂತು ನೋಡೀನಿ.” ಹಿಟ್ಟು ನಾದುವುದನ್ನು ಅವಳು ನಿಲ್ಲಿಸಲಿಲ್ಲ. “ಮತ್ತ ನಿನ್ನ ಮನ್ಯಾಗ ಕುಂತು ಉಣ್ಣಾಕ ಆಗಂಗಿಲ್ಲ ನನಗ.”

ಹೆದರಿಕೆಗೆ ನನ್ನ ಕಾಲು ಹೊಸ್ತಿಲು ದಾಟಲಿಲ್ಲ. ಅವಳೇ ತಟ್ಟೆಯನ್ನು ಹೊರಗೆ ತಂದುಕೊಟ್ಟು ಒಳಗೆ ಹೋದಳು. ಈಗ ದಿನವೂ ಹಾಗೆಯೇ. ನಾನು ಚೌಕದ ನಡುವೆ, ದೂರದಲ್ಲಿ ನಿಂತು ಉಣ್ಣುತ್ತೇನೆ. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿರುತ್ತಾಳೆ.